ಅಡುಗೆಮನೆ ಇಲ್ಲದ ಐದು ದಿನ

ಕಾಫಿ ತೋಟದವರಿಗೆ ರಜೆ ಕೊಡೋದು ಕ್ಯಾಲೆಂಡರ್ ಅಲ್ಲ, ಮಳೆ. ರೊಬಸ್ಟಾ ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚೆ ಸಿಕ್ಕ ಸಣ್ಣ ಬಿಡುವಿನಲ್ಲಿ ನಾವಿಬ್ಬರೂ ಯಸಳೂರಿನಿಂದ ಕೊಚ್ಚಿಗೆ ಹೋಗಿ ಎಂ.ವಿ. ಕವರತ್ತಿ ಹತ್ತಿದೆವು. ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ಯಾಕೇಜು. 5 ದಿನ, 3 ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲಿ.

ನೀಲಿ ನೀರು, ಹವಳ ಎಲ್ಲ ಚೆನ್ನಾಗಿತ್ತು. ಆದರೆ ನನಗೆ ನೆನಪಿರೋದು ಒಂದು ಮಧ್ಯಾಹ್ನದ ಊಟ. ‘ಸಾರಿಗೆ ಉಪ್ಪು ಕಮ್ಮಿ’ ಅಂದರು ಇವರು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅದು ನನಗೆ ಹೇಳಿದ ಮಾತಲ್ಲವಲ್ಲ! ಎಂಥ ಸುಖ ಅದು.

ಊರಿಗೆ ಬಂದ ಸಂಜೆಯೇ ಇವರು ಸ್ಪ್ರಿಂಕ್ಲರ್ ಪೈಪ್ ನೋಡಲು ತೋಟಕ್ಕೆ ಹೋದರು. ನನ್ನೆದುರು ಎರಡು ಬ್ಯಾಗಿನ ಬಟ್ಟೆ, ಅದರ ತುಂಬ ಮರಳು. ಬೆಳಗಿನ ಕಡುಬಿಗೆ ಅಕ್ಕಿತರಿ ಬೇರೆ ಆಗಬೇಕು. ರಜೆ ಇಬ್ಬರದೂ ಮುಗಿದಿತ್ತು, ನಿಜ. ಆದರೆ ತೋಟಕ್ಕೆ ಆಳುಗಳಿದ್ದಾರೆ, ಕೊಯ್ಲಾದ ಮೇಲೆ ಬಿಡುವಿದೆ. ಅಡುಗೆಮನೆಯ ಕೊಯ್ಲು ಮುಗಿಯೋದೇ ಇಲ್ಲ.

ಟ್ರಿಪ್ ಹೇಗಿತ್ತು ಅಂದ ಗೆಳತಿಯರಿಗೆ ಫೋಟೊ ಕಳಿಸಿದೆ. ಇವರಿಗೆ ಮಾತ್ರ ಹೇಳಿದೆ: ‘ಇನ್ಮೇಲೆ ಭಾನುವಾರ ಬೆಳಗ್ಗೆ ನಾನು ಹಡಗಲ್ಲಿರ್ತೀನಿ.’

ಮೊದಲು ನಕ್ಕರು. ನಾನು ನಗಲಿಲ್ಲ. ಆಮೇಲೆ ರವೆ ಡಬ್ಬ ಎಲ್ಲಿದೆ ಅಂತ ಕೇಳಿದರು.

ಈಗ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದೆ. ಮೂರು ಭಾನುವಾರ ಕಳೆದಿವೆ. ಉಪ್ಪಿಟ್ಟಿನಲ್ಲಿ ಗಂಟು ಕಮ್ಮಿಯಾಗ್ತಿದೆ.