ಚೆರ್ರಿ ಸ್ಪ್ರಿಂಗ್ಸ್‌ನಲ್ಲಿ ಅರುಂಧತಿ ದರ್ಶನ

ನಮ್ಮ ನ್ಯೂಜೆರ್ಸಿಯ ಆಕಾಶದಲ್ಲಿ ನಕ್ಷತ್ರಗಳಿಗಿಂತ ವಿಮಾನಗಳೇ ಹೆಚ್ಚು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಹೀಗಿದ್ದೂ ಮಗನ ಹತ್ತನೆಯ ಹುಟ್ಟುಹಬ್ಬಕ್ಕೆ ಟೆಲಿಸ್ಕೋಪ್ ತಂದ ನನ್ನ ಜಾಣತನಕ್ಕೆ ಏನೆನ್ನಬೇಕೋ! ಡಬ್ಬದ ಮೇಲೆ ಶನಿಗ್ರಹದ ಬಣ್ಣದ ಚಿತ್ರ, ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ‘525 ಪಟ್ಟು’ ಎಂಬ ಘೋಷಣೆ. ಮನೆಗೆ ತಂದು ಜೋಡಿಸಿದರೆ ಅದರ ಮುಕ್ಕಾಲಿ ಗಡಗಡ ನಡುಗುತ್ತದೆ. ಮುಟ್ಟಿದರೆ ಚಂದ್ರ ಕುಣಿಯುತ್ತಾನೆ, ಕೈಬಿಟ್ಟರೆ ಓಡಿಯೇ ಹೋಗುತ್ತಾನೆ. ಮೂರು ರಾತ್ರಿ ಹೆಣಗಾಡಿ ನಾಲ್ಕನೆಯ ದಿನ ಅದನ್ನು ಗರಾಜಿನಲ್ಲಿ ಹಳೆಯ ಸ್ಟ್ರೋಲರ್ ಪಕ್ಕದಲ್ಲಿ ನಿಲ್ಲಿಸಿದೆವು.

ಆ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಒಬ್ಬರೇ ಬಂದದ್ದು ಅದೇ ಮೊದಲು. ಮೊಮ್ಮಗನ ಟೆಲಿಸ್ಕೋಪ್ ಪುರಾಣ ಕೇಳಿ, “ನನಗೂ ಆಕಾಶಕ್ಕೂ ಒಂದು ಬಾಕಿ ಇದೆ ಕಣೋ” ಎಂದರು. 1971ರಲ್ಲಿ ಅವರ ಮದುವೆಯ ದಿನ ಪುರೋಹಿತರು ನಡುಮಧ್ಯಾಹ್ನದ ಬಿಸಿಲಲ್ಲಿ ಚಪ್ಪರದ ಸಂದಿಯಿಂದ ಅರುಂಧತಿ ನಕ್ಷತ್ರ ತೋರಿಸಿ “ಕಂಡಿತೇನಮ್ಮಾ?” ಎಂದರಂತೆ. ಇವರು “ಕಂಡಿತು” ಎಂದು ತಲೆಯಾಡಿಸಿದರಂತೆ. “ನಿಮ್ಮಪ್ಪ, ಒಂದು ದಿನ ರಾತ್ರಿ ನಿಜವಾಗಿ ತೋರಿಸ್ತೀನಿ ಅಂತಿದ್ರು. ತೋರಿಸ್ತೀನಿ ತೋರಿಸ್ತೀನಿ ಅಂತಲೇ ಹೋಗಿಬಿಟ್ರು.”

ಸಹೋದ್ಯೋಗಿಯೊಬ್ಬರು ಚೆರ್ರಿ ಸ್ಪ್ರಿಂಗ್ಸ್ ಹೆಸರು ಹೇಳಿದರು. ಪೆನ್ಸಿಲ್ವೇನಿಯಾದ ಉತ್ತರ ಭಾಗದ ಪಾಟರ್ ಕೌಂಟಿಯಲ್ಲಿ ಸುಮಾರು 2,300 ಅಡಿ ಎತ್ತರದಲ್ಲಿರುವ 82 ಎಕರೆಯ ಪುಟ್ಟ ಉದ್ಯಾನ. ಸುತ್ತಲೂ ಸಸ್ಕ್ವೆಹಾನಕ್ ಕಾಡು, ಹತ್ತಿರದಲ್ಲಿ ದೊಡ್ಡ ಊರಿಲ್ಲ. ಆದ್ದರಿಂದಲೇ ಅಲ್ಲಿ ಕತ್ತಲೆ ಉಳಿದುಕೊಂಡಿದೆ. ಈ ದೇಶದಲ್ಲಿ ಕತ್ತಲೆಗೂ ಉದ್ಯಾನ ಬೇಕಾಗಿದೆ ನೋಡಿ!

ಜುಲೈ ತಿಂಗಳ ಅಮಾವಾಸ್ಯೆ ನೋಡಿ ಹೊರಟೆವು. ಬೆಳದಿಂಗಳಿದ್ದರೆ ಇಷ್ಟು ದೂರ ಹೋಗಿಯೂ ಪ್ರಯೋಜನವಿಲ್ಲ. ರೂಟ್ 80 ಹಿಡಿದು ಪಶ್ಚಿಮಕ್ಕೆ, ಆಮೇಲೆ ಬೆಟ್ಟದ ದಾರಿ, ಒಟ್ಟು ಸುಮಾರು ಐದು ಗಂಟೆ. ಪುಳಿಯೋಗರೆ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡಿದ್ದು ಒಳ್ಳೆಯದೇ ಆಯಿತು. ಗ್ಯಾಸ್ ಕೂಡ ಊರಿರುವಲ್ಲೇ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ದಾರಿಗೆ ಅಡ್ಡ ಬರುವ ಜಿಂಕೆಗಳನ್ನು ಮಾತ್ರ ನಂಬಿ.

ರಾತ್ರಿಯಿಡೀ ನೋಡುವವರಿಗೆ ಮೊದಲೇ ಹೆಸರು ನೋಂದಾಯಿಸಬೇಕಾದ ಪ್ರತ್ಯೇಕ ಬಯಲಿದೆ. ಒಂದೆರಡು ಗಂಟೆ ನೋಡಿ ಹೊರಡುವವರಿಗೆ ರಸ್ತೆಯ ಆಚೆ ಇನ್ನೊಂದು. ನಾವು ಮೊದಲನೆಯದಕ್ಕೇ ಹೋದೆವು. ಕತ್ತಲಾಗುವ ಮೊದಲೇ ತಲುಪಬೇಕು, ಬಿಳಿ ಬೆಳಕು ಹಚ್ಚುವಂತಿಲ್ಲ, ಕೆಂಪು ಬೆಳಕು ಮಾತ್ರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಕೆಡಲು ಒಂದು ಕ್ಷಣ ಸಾಕು. ಟಾರ್ಚಿಗೆ ಕೆಂಪು ಸೆಲೋಫೇನ್ ಸುತ್ತಿ ತಂದಿದ್ದ ನಾನು ಮಹಾ ಬುದ್ಧಿವಂತನಂತೆ ಬೀಗುತ್ತಿದ್ದೆ. ಸ್ವೆಟರ್ ತೆಗೆಯಲೆಂದು ಕಾರಿನ ಕೀಲಿ ಒತ್ತಿದ್ದೇ ತಡ, ನಾಲ್ಕೂ ದೀಪಗಳು ಪಕಪಕ ಮಿನುಗಿದವು! ಕತ್ತಲಿನ ನಾಲ್ಕು ಮೂಲೆಗಳಿಂದ ಗೊಣಗಾಟ ಕೇಳಿಸಿತು. ಅಂದಿನಿಂದ ಬೇಕಾದ್ದನ್ನೆಲ್ಲ ಹಗಲಲ್ಲೇ ಹೊರಗೆ ತೆಗೆದಿಡುತ್ತೇನೆ. ಕಾರಿನೊಳಗಿನ ದೀಪಕ್ಕೂ ಟೇಪ್ ಅಂಟಿಸುತ್ತೇನೆ. ಜುಲೈ ಎಂದು ಉದಾಸೀನ ಬೇಡ, ನಡುರಾತ್ರಿ ಅಮ್ಮನಿಗೆ ಕಂಬಳಿ ಹೊದಿಸಬೇಕಾಯಿತು.

ಹತ್ತೂವರೆ ದಾಟುತ್ತಿದ್ದಂತೆ ದಕ್ಷಿಣದಿಂದ ನೆತ್ತಿಯವರೆಗೆ ಆಕಾಶಗಂಗೆ ಹರಡಿಕೊಂಡಿತು. ಮಗ ಅದನ್ನು ಮೋಡವೆಂದೇ ತಿಳಿದಿದ್ದ. ಅಮ್ಮ ಮಾತಾಡಲಿಲ್ಲ, ಮಡಿಸುವ ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ ಕೂತೇ ಇದ್ದರು.

ನಮ್ಮ ಪಕ್ಕದಲ್ಲಿದ್ದ ವೃದ್ಧರೊಬ್ಬರು (ನನ್ನ ದೀಪದ ಅಪರಾಧವನ್ನು ಕ್ಷಮಿಸಿದವರು) ಎಂಟಿಂಚಿನ ಡಾಬ್ಸೋನಿಯನ್ ತಂದಿದ್ದರು. ನೀರಿನ ಹಂಡೆಯಷ್ಟು ದಪ್ಪದ ಕೊಳವೆ, ಅಡಿಯಲ್ಲಿ ಕನ್ನಡಿ, ಹಲಗೆಯ ಪೆಟ್ಟಿಗೆಯಂಥ ಪೀಠ, ಅಷ್ಟೇ. ಕಂಪ್ಯೂಟರ್ ಇಲ್ಲ, ಮೋಟಾರ್ ಇಲ್ಲ. ಕೈಯಲ್ಲಿ ತಳ್ಳಿದರೆ ಬೆಣ್ಣೆಯಂತೆ ಸರಿದು, ಬಿಟ್ಟಲ್ಲೇ ನಿಲ್ಲುತ್ತದೆ. ನನ್ನ 525 ಪಟ್ಟಿನ ಕಥೆ ಕೇಳಿ ಅವರು ನಕ್ಕರು. ಪಟ್ಟು ಮುಖ್ಯವಲ್ಲ, ಎಷ್ಟು ಬೆಳಕು ಹಿಡಿಯುತ್ತದೆ ಎಂಬುದು ಮುಖ್ಯ. ಗಾಜಿನ ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂದರೆ ಅದೇ ಹೆಚ್ಚು. ನನ್ನ 60 ಮಿಲಿಮೀಟರಿನ ಗಾಜಿಗೆ 120ರ ಮೇಲೆ ಎಲ್ಲವೂ ಬರೀ ಮಸುಕು! ಅವರ ಕನ್ನಡಿ 203 ಮಿಲಿಮೀಟರ್. ಅಂದರೆ ನನ್ನದಕ್ಕಿಂತ ಹನ್ನೊಂದು ಪಾಲು ಹೆಚ್ಚು ಬೆಳಕು. ಆದರೂ ಅವರು ಬಳಸುತ್ತಿದ್ದದ್ದು ಬರೀ 48 ಪಟ್ಟಿನ ಐಪೀಸ್.

ಈ ಸರಳ ವಿನ್ಯಾಸವನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ (1915–2014) ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾಗಿದ್ದವರೆಂದು ಆಮೇಲೆ ತಿಳಿಯಿತು. ಹಡಗಿನ ಕಿಟಕಿಗಳ ಹಳೆಯ ಗಾಜನ್ನು ಉಜ್ಜಿ ಕನ್ನಡಿ ಮಾಡುತ್ತಿದ್ದರಂತೆ. 1967ರಲ್ಲಿ ಮಠ ಬಿಡಬೇಕಾಗಿ ಬಂದ ಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಅಮ್ಮನಿಗೆ ಇದನ್ನು ಹೇಳಿದಾಗ, “ಅದಕ್ಕೇ ಅಷ್ಟು ಸರಳವಾಗಿದೆ” ಎಂದರು.

ವಾಯುವ್ಯದಲ್ಲಿ ಸಪ್ತರ್ಷಿಮಂಡಲ ಸೌಟಿನಂತೆ ಇಳಿಬಿದ್ದಿತ್ತು. ಸೌಟಿನ ಹಿಡಿಯ ನಡುವಿನ ಚುಕ್ಕಿ ವಸಿಷ್ಠ, ಇಂಗ್ಲಿಷಿನಲ್ಲಿ ಮೈಜಾರ್. ಅದಕ್ಕೆ ಅಂಟಿಕೊಂಡಂತಿರುವ ಮಂಕು ಚುಕ್ಕಿಯೇ ಅರುಂಧತಿ, ಅಂದರೆ ಆಲ್ಕಾರ್. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಮ್ಮನಿಗೆ ಬರಿಗಣ್ಣಿಗೆ ಒಂದೇ ಕಂಡಿತು. ಮಗನ ಕೊರಳಲ್ಲಿದ್ದ 7x50 ಬೈನಾಕ್ಯುಲರ್ ಕೊಟ್ಟೆ. “ಎರಡು... ಹೌದು, ಎರಡು ಕಣೋ!” ಆಮೇಲೆ ಅಮ್ಮನನ್ನು ಕುರ್ಚಿ ಸಮೇತ ಡಾಬ್ಸೋನಿಯನ್ ಪಕ್ಕಕ್ಕೆ ತಂದೆವು. ಕನ್ನಡಕ ತೆಗೆದು ನೋಡಿದರೂ ಆಗುತ್ತದೆ, ಫೋಕಸ್ ತಿರುಗಿಸಿದರೆ ಸಾಕು. ಕೊಳವೆಯನ್ನು ಹಿಡಿದುಕೊಳ್ಳದೆ ಕೈ ತೊಡೆಯ ಮೇಲಿಟ್ಟುಕೊಂಡರೆ ಚಿತ್ರ ಅಲುಗುವುದಿಲ್ಲ.

ಅಮ್ಮ ಬಹಳ ಹೊತ್ತು ನೋಡಿದರು. ಹಿಂದೆ ಸಾಲು ನಿಂತವರೂ ಕಾದರು. ಕೊನೆಗೆ ಕಣ್ಣೊರೆಸಿಕೊಂಡು, “ಈಗ ನಿಜವಾಗಿ ಕಂಡಿತು” ಎಂದರು. ಮಗ “ಅಜ್ಜೀ, ವೈ ಆರ್ ಯು ಕ್ರೈಯಿಂಗ್?” ಎಂದ. ನಾನು ಅವನನ್ನು ಆಕಾಶಗಂಗೆ ತೋರಿಸುವ ನೆಪದಲ್ಲಿ ಆಚೆ ಕರೆದುಕೊಂಡು ಹೋದೆ.

ಟೆಲಿಸ್ಕೋಪ್ ಕೊಳ್ಳಬೇಕೇ ಎಂದು ಈಗ ಸ್ನೇಹಿತರು ಕೇಳಿದರೆ, ಮೊದಲು ಒಂದು ಬೈನಾಕ್ಯುಲರ್ ಕೊಂಡು ಕತ್ತಲಿಗೆ ಹೋಗಿ ಎನ್ನುತ್ತೇನೆ. ಆಮೇಲೂ ಆಸೆ ಉಳಿದರೆ ಆರು ಅಥವಾ ಎಂಟಿಂಚಿನ ಡಾಬ್ಸೋನಿಯನ್. ಎಂಟಿಂಚಿನದು ಪೀಠ ಸೇರಿ ನಲವತ್ತು ಪೌಂಡ್ ಆಸುಪಾಸು ಭಾರ. ಬೆನ್ನು ನೋವಿರುವವರು ಆರಿಂಚಿಗೇ ನಿಲ್ಲಲಿ. ನೋಡುವ ಅರ್ಧ ಗಂಟೆ ಮುಂಚೆ ಹೊರಗಿಟ್ಟರೆ ಕನ್ನಡಿ ತಣಿದು ಚಿತ್ರ ಸ್ಪಷ್ಟವಾಗುತ್ತದೆ.

ಮರುದಿನ ಸಂಜೆ ಮನೆಗೆ ಬಂದವರೇ ಅಮ್ಮ ಹಾಸನಕ್ಕೆ, ತಮ್ಮ ತಂಗಿಗೆ ಫೋನ್ ಹಚ್ಚಿದರು. ಅಡುಗೆಮನೆಯಿಂದ ಕೇಳಿಸುತ್ತಿತ್ತು: “ಅರುಂಧತಿ ಕಂಡಿತು ಕಣೇ. ಆದರೆ ಅಷ್ಟೇ ಅಲ್ಲ ಕೇಳು, ದುರ್ಬೀನಿನಲ್ಲಿ ನೋಡಿದರೆ ವಸಿಷ್ಠರು ಒಬ್ಬರಲ್ಲ, ಇಬ್ಬರಿದ್ದಾರೆ! ಆ ಪುರೋಹಿತರಿಗೆ ಇದು ಗೊತ್ತಿತ್ತೋ ಇಲ್ಲವೋ...”