ರುಂಡವಿಲ್ಲದ ವಿಗ್ರಹ

ಘಾನಾ ದೇಶದ ರಾಜಧಾನಿಯಾದ ಆಕ್ರಾದಲ್ಲಿ, ಕಡಲಿಗೆ ಅನತಿದೂರದಲ್ಲಿ, ಹಿಂದೆ ಬ್ರಿಟಿಷರು ಪೋಲೋ ಆಡುತ್ತಿದ್ದ ಮೈದಾನವೊಂದಿದೆ. 1957ರ ಮಾರ್ಚ್ 6ರಂದು ಕ್ವಾಮೆ ಎನ್‌ಕ್ರುಮಾ ಅವರು ಸ್ವಾತಂತ್ರ್ಯವನ್ನು ಸಾರಿದುದು ಅಲ್ಲಿಯೇ. ಈಗ ಅದು ಅವರ ಸ್ಮಾರಕೋದ್ಯಾನ. ಕೈ ಮುಂದಕ್ಕೆ ಚಾಚಿ ನಿಂತ ಭವ್ಯವಾದ ಕಂಚಿನ ವಿಗ್ರಹದೆದುರು ಯಾತ್ರಿಕರು ಚಿತ್ರ ತೆಗೆಸಿಕೊಳ್ಳುತ್ತಾರೆ. ನನ್ನನ್ನು ತಡೆದು ನಿಲ್ಲಿಸಿದುದು ಅದಲ್ಲ, ಅದರ ಹಿಂಬದಿಯ ಇನ್ನೊಂದು. ಅದಕ್ಕೆ ರುಂಡವಿಲ್ಲ. 1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ, ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. ಆಗ ಉರುಳಿದ ಮೂರ್ತಿ ಇದು. ರುಂಡವನ್ನು ಬೇರೊಂದು ಪೀಠದ ಮೇಲೆ ಇರಿಸಿದ್ದಾರೆ.

ಆ ದಿನ ಆಕ್ರಾದ ಜನ ಬೀದಿಗಿಳಿದು ಕುಣಿದರಂತೆ. ಒಂಬತ್ತು ವರ್ಷಗಳ ಹಿಂದೆ ಜಯಘೋಷ ಮಾಡಿದವರೂ ಅವರೇ ಅಲ್ಲವೆ? ಹೊರಗಿನವರ ಸಂಚೆನ್ನುವ ವಾದವುಂಟು; ಅದನ್ನು ತಳ್ಳಿಹಾಕಲಾಗದು. ಆದರೆ ಪಶ್ಚಿಮದ ಸೆಕೊಂಡಿ-ಟಕೊರಾಡಿಯ ರೈಲು ಹಳಿಗಳೂ ಒಂದು ಉತ್ತರ ಹೇಳುತ್ತವೆ. 1950ರಲ್ಲಿ ಬ್ರಿಟಿಷರ ವಿರುದ್ಧ ಎನ್‌ಕ್ರುಮಾ ಚಳವಳಿ ಹೂಡಿದಾಗ ಅಲ್ಲಿನ ರೈಲ್ವೆ ಕಾರ್ಮಿಕರು ಕೆಲಸ ನಿಲ್ಲಿಸಿ ಬೆನ್ನಿಗೆ ನಿಂತರು. ಅವರು ಸೆರೆಮನೆಯಿಂದಲೇ 1951ರ ಚುನಾವಣೆ ಗೆದ್ದರು. ಹತ್ತು ವರ್ಷ ಕಳೆಯಿತು. 1961ರ ಆಯವ್ಯಯವು ಸಂಬಳದಲ್ಲಿ ನೂರಕ್ಕೆ ಐದರಂತೆ ಕಡ್ಡಾಯ ಉಳಿತಾಯ ಹಿಡಿಯಲು ಹೊರಟಾಗ, ಅದೇ ಕಾರ್ಮಿಕರು ಮತ್ತೆ ಮುಷ್ಕರ ಹೂಡಿದರು. ಸಂತೆಯ ಹೆಂಗಸರು ಅವರಿಗೆ ಅನ್ನವಿಕ್ಕಿದರು. ಸಮಾಜವಾದದ ಹೆಸರು ಹೇಳುತ್ತಿದ್ದ ಸರ್ಕಾರ, 1958ರ ಮುನ್ನೆಚ್ಚರಿಕೆ ಬಂಧನ ಕಾನೂನಿನಡಿ ಮುಂದಾಳುಗಳನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿತು.

ಅಲ್ಜೀರಿಯದ ಸ್ವಾತಂತ್ರ್ಯ ಹೋರಾಟಗಾರರ ಪ್ರತಿನಿಧಿಯಾಗಿ 1960ರಲ್ಲಿ ಇದೇ ನಗರದಲ್ಲಿದ್ದವರು ವೈದ್ಯ ಫ್ರಾಂಟ್ಸ್ ಫ್ಯಾನನ್. ವಸಾಹತುಗಾರ ಬಿಟ್ಟುಹೋದ ಆಸನದಲ್ಲಿ ನಾಡಿನ ಮಧ್ಯಮವರ್ಗವೇ ಬಂದು ಕೂರುವುದನ್ನೂ, ಹಳೆಯ ಹೋರಾಟದ ನೆನಪನ್ನು ಹಾಡಿ ನಾಯಕ ಜನರನ್ನು ಮಲಗಿಸುವುದನ್ನೂ ಅವರು 1961ರ ತಮ್ಮ ಗ್ರಂಥದಲ್ಲಿ ನಿಷ್ಠುರವಾಗಿ ವಿಮರ್ಶಿಸಿದರು. ಆಗ ಅವರ ಕಣ್ಣ ಮುಂದೆ ಯಾವ ಬೀದಿಗಳಿದ್ದವೋ! ಅನತಿದೂರದ ಓಸು ಕೋಟೆಯನ್ನು ಡೇನರು ಕಟ್ಟಿದರು, ಬ್ರಿಟಿಷ್ ಗವರ್ನರನು ಅಲ್ಲಿ ವಾಸಿಸಿದನು, ಸ್ವತಂತ್ರ ಸರ್ಕಾರವೂ ಅಲ್ಲಿಯೇ ನೆಲೆಸಿತು. 1948ರಲ್ಲಿ ಬರ್ಮಾ ಯುದ್ಧದಿಂದ ಮರಳಿದ್ದ ಸೈನಿಕರು ಮನವಿ ಹಿಡಿದು ಆ ಕೋಟೆಯತ್ತ ನಡೆದಾಗ, ದಾರಿಯಲ್ಲಿಯೇ ಮೂವರು ಗುಂಡಿಗೆ ಬಲಿಯಾದರು.

ರುಂಡವಿಲ್ಲದ ವಿಗ್ರಹದ ಬಳಿ ಮುದುಕರೊಬ್ಬರು ಮೊಮ್ಮಗಳೊಡನೆ ನಿಂತಿದ್ದರು. ತಮ್ಮ ತಂದೆ ಸೆಕೊಂಡಿಯ ರೈಲ್ವೆ ಕಾರ್ಖಾನೆಯಲ್ಲಿದ್ದವರೆಂದೂ, 1961ರಲ್ಲಿ ಕೆಲಸ ಬಿಟ್ಟು ಹೊರಬಂದವರಲ್ಲಿ ಒಬ್ಬರೆಂದೂ ಹೇಳಿದರು. ಹಾಗಿದ್ದರೂ ಇಲ್ಲಿಗೆ ಬಂದಿರಲ್ಲ ಎಂದೆ.

“ಇವಳ ಶಾಲೆಯಲ್ಲಿ ಅಕೊಸೊಂಬೊ ಅಣೆಕಟ್ಟಿನ ಪಾಠವಿದೆ,” ಎಂದರು ಅವರು. “ಅದನ್ನು ಕಟ್ಟಿಸಿದವರು ಯಾರೆಂದು ತೋರಿಸಬೇಡವೆ?”