ಸಹಿಯಿಲ್ಲದ ಕಾರ್ಡು

‘ಸೆಟ್’ ಎಂಬ ಪದದ ಸಂಕಟ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆರು ಲೋಟದ ಸೆಟ್ಟಿನಲ್ಲಿ ಒಂದು ಒಡೆದರೆ, ಉಳಿದ ಐದು ಗಟ್ಟಿಮುಟ್ಟಾಗಿದ್ದರೂ ನೆಂಟರ ಮುಂದಿಡಲು ಮನಸ್ಸು ಬಾರದು. ಆ ಒಂದರ ಜೋಡಿಗಾಗಿ ಅಂಗಡಿಗಳನ್ನೆಲ್ಲ ಸುತ್ತಿ, ಸಿಗದೆ, ಕೊನೆಗೆ ಹೊಸ ಸೆಟ್ಟನ್ನೇ ಹೊತ್ತು ತಂದು ಮನೆಯವರಿಂದ ಮಾತು ಕೇಳಿದವಳು ನಾನು. ಇಂಥ ನನಗೆ, ಎಪ್ಪತ್ತು ವರ್ಷ ಹಳೆಯದೊಂದು ಸೆಟ್ಟನ್ನು ಪೂರ್ತಿ ಮಾಡಲು ಹೊರಟ ಅಜ್ಜನೊಬ್ಬರು ಸಿಕ್ಕಿದ್ದು ದೂರದ ಕೆನಡಾದಲ್ಲಿ.

2023ರ ಬೇಸಿಗೆ ರಜೆಯಲ್ಲಿ ಮಗಳ ಬಾಣಂತನಕ್ಕೆಂದು ಟೊರಾಂಟೊ ಹತ್ತಿರದ ಊರಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಎಂಬತ್ತರ ಆಸುಪಾಸಿನ ದಂಪತಿ. ನಾನು ಕೊಟ್ಟ ಕೋಡುಬಳೆ ಇಷ್ಟವಾಗಿ, ಆ ಅಜ್ಜಿ ಒಂದು ಸಂಜೆ ಚಹಾಕ್ಕೆ ಕರೆದರು. ನಾನು ಶಾಲೆಯ ಟೀಚರ್ ಎಂದು ತಿಳಿದದ್ದೇ ತಡ, ಅಜ್ಜ ಒಳಗಿನಿಂದ ದಪ್ಪನೆಯ ಆಲ್ಬಮ್ ಹೊತ್ತು ತಂದರು. “ಈಗ ನಿಮ್ಮ ಸಂಜೆ ಮುಗಿಯಿತು ಅಂತ ತಿಳ್ಕೊಳ್ಳಿ” ಎಂದು ಅಜ್ಜಿ ನಕ್ಕರು.

ಅದರ ತುಂಬ ಹಾಕಿ ಆಟಗಾರರ ಬಣ್ಣದ ಚಿತ್ರಗಳು. ಹಾಕಿ ಎಂದರೆ ನಮ್ಮ ಕೊಡಗಿನ ಹುಡುಗರು ಆಡುವಂಥದ್ದಲ್ಲ. ಮಂಜುಗಡ್ಡೆಯ ಮೇಲೆ ಜಾರುತ್ತಾ, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಹೊಡೆಯುವ ಆಟ. ಟೊರಾಂಟೊದ ಪಾರ್ಕ್‌ಹರ್ಸ್ಟ್ ಎಂಬ ಕಂಪನಿ 1951–52ರ ಋತುವಿನಲ್ಲಿ ಹೊರತಂದ ಕಾರ್ಡುಗಳಿವು. ಒಟ್ಟು 105. ಒಂದೊಂದೂ ನಮ್ಮ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಷ್ಟೆ. ಆಗ ಅವರ ದೊಡ್ಡ ಲೀಗಿನಲ್ಲಿ ಇದ್ದದ್ದೇ ಆರು ತಂಡ. ಮಕ್ಕಳು ಕಾರ್ಡು ಕೂಡಿಸುವುದು, ಗೋಡೆಗೆ ಎಸೆದು ಗೆಲ್ಲುವುದು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸುವುದು ನಡೆಯುತ್ತಿತ್ತಂತೆ. ಬೆಂಕಿಪೊಟ್ಟಣದ ಚಿತ್ರಗಳಿಗಾಗಿ ನನ್ನ ಅಣ್ಣ ಬೀದಿಯಲ್ಲಿ ಹೊಡೆದಾಡುತ್ತಿದ್ದದ್ದು ನೆನಪಾಯಿತು.

ಅಜ್ಜ ಬಾಲ್ಯದಲ್ಲಿ ಕೂಡಿಟ್ಟದ್ದನ್ನು ಅವರಮ್ಮ ಮನೆ ಸ್ವಚ್ಛ ಮಾಡುವಾಗ ಎಸೆದಿದ್ದರು. ಅಮ್ಮಂದಿರು ಎಲ್ಲ ದೇಶದಲ್ಲೂ ಒಂದೇ! ನಡುವಯಸ್ಸಿನಲ್ಲಿ ಒಂದೊಂದಾಗಿ ಕೊಂಡು 105ನ್ನೂ ಸೇರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಕಾರ್ಡಿನ ಮೇಲೂ ಆ ಆಟಗಾರನದೇ ಸಹಿ ಇರಬೇಕೆಂಬ ಹಟ ಹಿಡಿದರು. ಆಟ ಬಿಟ್ಟು ಊರು ಸೇರಿದವರ ವಿಳಾಸ ಹುಡುಕಿ, ಕಾರ್ಡಿನ ಜೊತೆ ಒಂದು ಪತ್ರ, ಅಂಚೆಚೀಟಿ ಹಚ್ಚಿದ ಮರುಲಕೋಟೆ ಇಟ್ಟು ಕಳಿಸುವುದು. ಮತ್ತೆ ತಿಂಗಳುಗಟ್ಟಲೆ ಕಾಯುವುದು. ಅಂಚೆಯಲ್ಲಿ ಕಳೆದುಹೋದರೆ ಸಹಿಯೂ ಇಲ್ಲ, ಕಾರ್ಡೂ ಇಲ್ಲ. “ಇವರ ಅಕ್ಷರ ಕಾಗೆ ಕಾಲು. ಪತ್ರಗಳನ್ನೆಲ್ಲ ಬರೆದವಳು ನಾನು” ಎಂದರು ಅಜ್ಜಿ.

ತೀರಿಹೋದವರ ಸಹಿಯನ್ನು ವ್ಯಾಪಾರಿಗಳಿಂದ ಕೊಳ್ಳಬೇಕು. ಅಲ್ಲಿ ನಕಲಿ ಸಹಿಗಳ ಕಾಟ. ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಂಪನಿಗಳೇ ಇವೆಯಂತೆ. ಗಾರ್ಡಿ ಹೋವ್ 2016ರವರೆಗೆ, ಮಾರಿಸ್ ರಿಚರ್ಡ್ 2000ದವರೆಗೆ ಬದುಕಿದ್ದರು. ಗೋಲಿ ಟೆರಿ ಸಾಚುಕ್ 1970ರಲ್ಲಿ, ನಲವತ್ತರ ಹರೆಯದಲ್ಲೇ ಹೋದರು. ಅವರ ಸಹಿಯುಳ್ಳ ಕಾರ್ಡಿಗಾಗಿ ಅಜ್ಜ ತಮ್ಮ ಹಳೆಯ ದೋಣಿಯನ್ನೇ ಮಾರಿದ್ದರು.

ಪುಟ ತಿರುವುತ್ತಿದ್ದಂತೆ 52ನೆಯ ಕಾರ್ಡು ಬಂತು. ಸಹಿ ಇರಲಿಲ್ಲ. ಅದರಲ್ಲಿದ್ದದ್ದು ಒಂದು ಗೋಲಿನ ದೃಶ್ಯ. 1951ರ ಏಪ್ರಿಲ್ 21ರಂದು ಟೊರಾಂಟೊ ತಂಡದ ಬಿಲ್ ಬರಿಲ್ಕೊ ಮಾಂಟ್ರಿಯಲ್ ವಿರುದ್ಧ ಹೊಡೆದು ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ ಗೋಲು. ನಾಲ್ಕು ತಿಂಗಳ ನಂತರ, ಆಗಸ್ಟಿನಲ್ಲಿ, ದಂತವೈದ್ಯ ಗೆಳೆಯನ ಪುಟ್ಟ ವಿಮಾನದಲ್ಲಿ ಮೀನು ಹಿಡಿಯಲು ಉತ್ತರಕ್ಕೆ ಹೋದವನು ಮರಳಿ ಬರುವಾಗ ವಿಮಾನಸಮೇತ ಕಾಣೆಯಾದ. ಆಗ ಅವನಿಗೆ ಬರೀ 24 ವರ್ಷ. ಅವಶೇಷ ಕಾಡಿನಲ್ಲಿ ಸಿಕ್ಕಿದ್ದು 1962ರಲ್ಲಿ. ಅವನು ಸತ್ತಾಗ ಕಾರ್ಡಿನ ಆ ಋತು ಇನ್ನೂ ಆರಂಭವೇ ಆಗಿರಲಿಲ್ಲ. ತನ್ನ ಗೋಲಿನ ಆ ಕಾರ್ಡಿಗೆ ಅವನು ಸಹಿ ಹಾಕುವುದಾದರೂ ಹೇಗೆ?

“ಹಾಗಾದರೆ ನಿಮ್ಮ ಸೆಟ್ ಎಂದೂ ಪೂರ್ತಿಯಾಗುವುದಿಲ್ಲ ಅಲ್ಲವೇ?” ಎಂದೆ, ನನ್ನ ಲೋಟಗಳ ಸಂಕಟ ನೆನೆದು.

ಅಜ್ಜ ಆ ಕಾರ್ಡಿನತ್ತ ನೋಡಲೂ ಇಲ್ಲ. “ಅದರಿಂದ ನನಗೆ ನಿದ್ದೆ ಕೆಟ್ಟಿಲ್ಲ, ಟೀಚರ್. ಅದು ಯಾರಿಗೂ ಸಿಗದ ಸಹಿ” ಎಂದು ನಾಲ್ಕು ಪುಟ ಮುಂದೆ ತಿರುವಿದರು. ಅಲ್ಲೂ ಸಹಿಯಿಲ್ಲದ ಒಂದು ಕಾರ್ಡು. “ಇವರು ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆ ದೂರದಲ್ಲಿದ್ದರು. ಇವಳು ಪತ್ರ ಬರೆದು ಲಕೋಟೆ ಸಿದ್ಧ ಮಾಡಿಟ್ಟಿದ್ದಳು. ಅಂಚೆಗೇಕೆ, ನಾನೇ ಹೋಗಿ ಬರುತ್ತೇನೆ ಎಂದೆ. ಮೂರು ತಿಂಗಳು ಲಕೋಟೆ ಮೇಜಿನ ಮೇಲೇ ಇತ್ತು. ಒಂದು ಬೆಳಿಗ್ಗೆ ಪೇಪರಿನಲ್ಲಿ ಅವರ ನಿಧನದ ಸುದ್ದಿ ಬಂತು.” ಬೇರೆ ಕಡೆ ಅವರ ಸಹಿಯ ಕಾರ್ಡು ಮಾರಾಟಕ್ಕೆ ಬಂದರೂ ಅಜ್ಜ ಕೊಳ್ಳಲಿಲ್ಲವಂತೆ. “ಎಷ್ಟು ಹೇಳಿದರೂ ಕೇಳಲಿಲ್ಲ” ಎಂದರು ಅಜ್ಜಿ.

ಆ ರಾತ್ರಿ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವಳಿಗೆ ನಮ್ಮವ್ವ ಬಿಡದೆ ನೆನಪಾದಳು. ಸಾಕ್ಷರತಾ ಆಂದೋಲನದ ದಿನಗಳಲ್ಲಿ ನಾನು ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ರಾತ್ರಿ ಶಾಲೆ ನಡೆಸುತ್ತಿದ್ದೆ. ಹದಿನೆಂಟು ಹೆಂಗಸರು ಅಲ್ಲಿ ಸಹಿ ಕಲಿತರು. ಲಾಟೀನಿಗೆ ಎಣ್ಣೆ ಹಾಕಿ, ಗಾಜು ಒರೆಸಿ ಕೊಡುತ್ತಿದ್ದವಳು ಅವ್ವ. ನಾನು ಮನೆಗೆ ಬರುವ ಹೊತ್ತಿಗೆ ಮುದ್ದೆ ಬಿಸಿಯಾಗಿರಬೇಕೆಂದು ಒಲೆ ಕಾಯುತ್ತಿದ್ದವಳೂ ಅವಳೇ. “ನಂಗೂ ಕಲಿಸವ್ವಾ” ಎಂದು ಒಮ್ಮೆ ಕೇಳಿದ್ದಳು. “ನೀನು ಮನೇಲೇ ಇರ್ತೀಯಲ್ಲ, ನಿಂಗ್ಯಾವಾಗ ಬೇಕಾದ್ರೂ ಕಲಿಸಬಹುದು” ಎಂದಿದ್ದೆ. ನನ್ನ ಮದುವೆಯಾಯಿತು, ಬಿ.ಎಡ್. ಮುಗಿಯಿತು, ಕೆಲಸ ಸಿಕ್ಕಿತು. 1996ರಲ್ಲಿ ಅವ್ವ ತೀರಿಕೊಂಡಳು. ಅವಳ ಬ್ಯಾಂಕ್ ಕಾಗದಗಳಲ್ಲಿ ಕೊನೆಯವರೆಗೂ ನೀಲಿ ಹೆಬ್ಬೆಟ್ಟು. ಪಕ್ಕದಲ್ಲಿ ಯಾರೋ ಗುಮಾಸ್ತರು ಬರೆದ ಅವಳ ಹೆಸರು.

ಅವಳ ಕಾಲದ ಹೆಣ್ಣುಮಕ್ಕಳಿಗೆ ಶಾಲೆಯೇ ಇರಲಿಲ್ಲವೆಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆ. ನನ್ನ ಅಜ್ಜಿಯ ಮಟ್ಟಿಗೆ ಆ ಮಾತು ನಿಜ. ಅವ್ವನ ಮಟ್ಟಿಗೆ ಅಲ್ಲ. ಅವಳ ಮಗಳೇ ಟೀಚರಾಗಿದ್ದಳು.

ರಜೆ ಮುಗಿಸಿ ಬಂದು ಶಾಲೆಗೆ ಹಾಜರಾದೆ. ಪ್ರಗತಿಪತ್ರಕ್ಕೆ ಸಹಿ ಮಾಡಲು ಬರುವ ತಾಯಂದಿರಲ್ಲಿ ಈಗಲೂ ಒಬ್ಬಿಬ್ಬರು ಸುಮ್ಮನೆ ಎಡಗೈ ಮುಂದೆ ಮಾಡುತ್ತಾರೆ. ಮೊದಲಾದರೆ ಇಂಕ್ ಪ್ಯಾಡ್ ಮುಂದೆ ತಳ್ಳುತ್ತಿದ್ದೆ. ಈಗ ಕುರ್ಚಿ ಎಳೆದು ಕೂರಿಸುತ್ತೇನೆ. “ಮನೇಲಿ ಕೆಲ್ಸ ಐತೆ ಮೇಡಂ, ಇನ್ನೊಂದಿನ ಬತ್ತೀನಿ” ಎನ್ನುತ್ತಾರೆ. “ಹತ್ತೇ ನಿಮಿಷ ಕೂತ್ಕೊಳ್ಳಮ್ಮ” ಎಂದು ಕೈಗೆ ಪೆನ್ನು ಕೊಡುತ್ತೇನೆ.